ಕೊನೇ ಬೆಂಚಿನ ಆಮೆನ್

ಆಗಸ್ಟ್ 4, ಭಾನುವಾರ. ಮಧ್ಯಾಹ್ನ 2

ಮೂವತ್ತೇಳು ಲೋಟ ತೊಳೆದು, ಒರೆಸಿ, ಬೋರಲು ಹಾಕಿ ಬಂದೆ. ಒಂದರ ಅಂಚು ಸೀಳಿದೆ. ಚರ್ಚಿನ ಸೆಕ್ರೆಟರಿಯವರಿಗೆ ಹೇಳಿದ್ದು ಇದು ಮೂರನೇ ಸಲ. "ನೋಡೋಣಮ್ಮ" ಎಂದರು. ಅವರ ಬಾಯಲ್ಲಿ "ನೋಡೋಣ" ಬಂತೆಂದರೆ ಕೆಲಸ ಕೆಟ್ಟಿತೆಂದೇ ಲೆಕ್ಕ.

ಕರ್ತನ ಭೋಜನದ ಈ ಕೆಲಸ ಹದಿನಾಲ್ಕು ವರ್ಷದಿಂದ ನನ್ನದೇ. ಹೆಬ್ಬೆರಳಿನಷ್ಟು ಲೋಟದಲ್ಲಿ ದ್ರಾಕ್ಷಾರಸ, ಆಳಿಗೊಂದು. ವಾರವಿಡೀ ಸ್ಕೂಲ್ ಬಸ್ಸಿನಲ್ಲಿ ಆಯಾ, ಭಾನುವಾರ ಇದು. ಎರಡು ಕಡೆಯೂ ತಲೆ ಎಣಿಸುವುದೇ.

ಇವತ್ತು ಆಮೆನ್ ತಾತನ ಕಾಟ ಅತಿಯಾಯಿತು. ಕೊನೇ ಬೆಂಚಿನಲ್ಲಿ ಕೂರುವ ಮುದುಕ. ಯಾರ ಹತ್ತಿರವೂ ಮಾತಿಲ್ಲ ಕತೆಯಿಲ್ಲ. ಪ್ರಾರ್ಥನೆ ಮುಗಿದ ತಕ್ಷಣ ಮಾತ್ರ ಎಲ್ಲರಿಗಿಂತ ಮೊದಲು, ಕಿಟಕಿ ಗಾಜು ಅದುರುವ ಹಾಗೆ — "ಆಮೆನ್!" ಇವತ್ತು ಬೇರೆ ಊರಿನಿಂದ ದೊಡ್ಡ ಬೋಧಕರು ಬಂದಿದ್ದರು. ಪ್ರಾರ್ಥನೆಯ ನಡುವೆ ಉಸಿರು ತೆಗೆದುಕೊಳ್ಳಲು ಸ್ವಲ್ಪ ನಿಲ್ಲಿಸಿದರು. ಅಷ್ಟರಲ್ಲೇ ತಾತ ಆಮೆನ್ ಹೊಡೆದರು. ಹಿಂದೆಯೇ ಸಭೆಯೆಲ್ಲ ಆಮೆನ್! ಅಕ್ಕ ಕೀಬೋರ್ಡಿನಲ್ಲಿ ಕೊನೆಯ ಹಾಡು ಶುರು ಮಾಡಿಯೇ ಬಿಟ್ಟಳು. ಪಾಪ, ಬೋಧಕರು ಕಣ್ಣು ಬಿಟ್ಟು ನಿಂತಿದ್ದರು.

ನನಗೆ ಮೈ ಉರಿದುಹೋಯಿತು. ಎದ್ದು ಹಿಂದಕ್ಕೆ ತಿರುಗಿ, ತುಟಿ ಮೇಲೆ ಬೆರಳಿಟ್ಟು ತೋರಿಸಿದೆ. ಬಸ್ಸಿನಲ್ಲಿ ಮಾಡುವ ಹಾಗೆಯೇ. ಸ್ವಲ್ಪ ಮೆಲ್ಲಗೆ ಹೇಳಿ ಎಂದು, ಅಷ್ಟೇ. ತಾತ ನೋಡಿದರು. ತಲೆ ತಗ್ಗಿಸಿದರು.

ಮನೆಗೆ ಬಂದ ಮೇಲೆ ಅಕ್ಕ, "ಪಾಪ ಕಣೇ, ವಯಸ್ಸಾದೋರು" ಎಂದಳು.

"ವಯಸ್ಸಾದ್ರೆ ಮೈಕ್ ನುಂಗ್ಕೊಂಡು ಬರ್ಬೇಕಾ?" ಎಂದೆ. ಇಬ್ಬರೂ ನಕ್ಕೆವು.

ಆಗಸ್ಟ್ 6, ಮಂಗಳವಾರ. ಸಂಜೆ 5

ಇಪ್ಪತ್ತೆಂಟು ಮಕ್ಕಳು. ಎರಡು ವಾಂತಿ, ಒಂದು ಕಳೆದುಹೋದ ಶೂ. ಎಲ್ಲರೂ ಇಳಿದ ಮೇಲೆ ಕೊನೇ ಸೀಟಿನ ತನಕ ನಡೆದು, ಸೀಟಿನ ಮೇಲೆ ಕೈ ಇಟ್ಟು, "ಖಾಲಿ" ಎಂದು ಕೂಗಿದೆ. ಡ್ರೈವರ್ ಎಂದಿನಂತೆ, "ಆಯಮ್ಮ, ಆ ಸೀಟಿಗೆ ಏನಾದ್ರೂ ಹರಕೆ ಹೊತ್ತಿದ್ದೀರಾ?" ಎಂದ.

ಹೇಳಲಿ. ಆರು ವರ್ಷದ ಹಿಂದೆ ಒಂದು ಮಗು ನಿದ್ದೆ ಹೋಗಿ ಅಲ್ಲೇ ಉಳಿದುಬಿಟ್ಟಿತ್ತು. ಹತ್ತೇ ನಿಮಿಷ. ಕಿಟಕಿಗೆ ಅಂಟಿಕೊಂಡಿದ್ದ ಆ ಮುಖ... ಆಮೇಲೆ ಒಂದು ದಿನವೂ ತಪ್ಪಿಸಿಲ್ಲ.

ಆಗಸ್ಟ್ 11, ಭಾನುವಾರ

ಒಂದು ಲೋಟ ಉಳಿಯಿತು. ತಾತ ಬಂದಿಲ್ಲ.

ತಮಾಷೆ ಏನೆಂದರೆ, ಪ್ರಾರ್ಥನೆ ಮುಗಿದರೂ ಯಾರೂ ಆಮೆನ್ ಎನ್ನಲಿಲ್ಲ. ಎಲ್ಲರೂ ಹಿಂದಿನಿಂದ ಬರಲಿ ಎಂದು ಕಾಯುತ್ತಿದ್ದೆವು. ಕೊನೆಗೆ ನಮ್ಮ ಪಾದ್ರಿ ಅಯ್ಯನವರೇ ಮೈಕಿನಲ್ಲಿ "ಆಮೆನ್" ಎಂದರು, ಪ್ರಶ್ನೆ ಕೇಳಿದ ಹಾಗೆ. ನಾಲ್ಕು ಜನ ಅಲ್ಲೊಂದು ಇಲ್ಲೊಂದು ಗೊಣಗಿದರು. ಅಕ್ಕ ಹಾಡು ತಡವಾಗಿ ಎತ್ತಿಕೊಂಡಳು.

ಶಾಂತಿಯಾಗಿತ್ತು. ನನಗೆ ಹಾಯೆನಿಸಿತು. ಸುಳ್ಳು ಯಾಕೆ ಬರೆಯಲಿ.

ಆಗಸ್ಟ್ 18, ಭಾನುವಾರ

ಇವತ್ತೂ ಒಂದು ಲೋಟ. ಹೋದ ವಾರ ಉಳಿದದ್ದನ್ನು ಗಿಡದ ಬುಡಕ್ಕೆ ಹಾಕಿದ್ದೆ. ಇವತ್ತು ಕೈ ಬರಲಿಲ್ಲ. ಸ್ವಲ್ಪ ಹೊತ್ತು ಹಿಡಿದುಕೊಂಡೇ ನಿಂತಿದ್ದೆ.

ಇವತ್ತು ಅಯ್ಯನವರ ಪ್ರಸಂಗ: ಸಭೆ ಎಂದರೆ ಒಂದೇ ದೇಹ, ಕಿರುಬೆರಳಿಗೆ ಏಟು ಬಿದ್ದರೆ ಮೈಯೆಲ್ಲ ನೋಯಬೇಕು. ಎಲ್ಲರೂ ತಲೆಯಾಡಿಸಿದೆವು. ನಾನೂ. ಪ್ರಾರ್ಥನೆ ಮುಗಿಯಿತು. ಮತ್ತೆ ಅದೇ ಮೌನ, ಹೋದ ವಾರಕ್ಕಿಂತ ಉದ್ದ. ಯಾರೋ ಕೆಮ್ಮಿದರು. ಅಯ್ಯನವರು ಕಣ್ಣು ಬಿಟ್ಟು ಕೊನೇ ಬೆಂಚಿನ ಕಡೆ ನೋಡಿದರು. ನಾನು ನೋಡಲಿಲ್ಲ.

"ಅವ್ರ ಆಮೆನ್ ಕೇಳಿದ್ಮೇಲೇ ನಾನು ಕೀ ಮುಟ್ತಿದ್ದೆ ಕಣೇ" ಎಂದಳು ಅಕ್ಕ, ದಾರಿಯಲ್ಲಿ. "ಇಷ್ಟು ವರ್ಷ ಅದು ನನಗೇ ಗೊತ್ತಿರ್ಲಿಲ್ಲ ನೋಡು."

ನಾನು ಚಪ್ಪಲಿ ಕಚ್ಚುತ್ತಿದೆ ಎಂದು ಮಾತು ಬದಲಿಸಿದೆ.

ಆಗಸ್ಟ್ 21, ಬುಧವಾರ

ಸಂಜೆ ಪ್ರಾರ್ಥನಾ ಕೂಟ. ಮುಗಿದ ಮೇಲೆ ಕೇಳಿಯೇಬಿಟ್ಟೆ — ತಾತ ಎಲ್ಲಿ? ಮನೆ ಎಲ್ಲಿ? ಗೊತ್ತಿಲ್ಲ. ಫೋನ್? ಇಲ್ಲ. ಯಾರ ಜೊತೆ ಮಾತಾಡುತ್ತಾರೆ? ಯಾರ ಜೊತೆಯೂ ಇಲ್ಲ.

ಸೆಕ್ರೆಟರಿಯವರು ಸದಸ್ಯರ ಪುಸ್ತಕ ತೆಗೆದರು. ವಿಳಾಸ ಇರಬೇಕಾದ ಕಡೆ "ಮಾರ್ಕೆಟ್ ಹಿಂದೆ" ಎಂದಷ್ಟೇ ಇತ್ತು. ಮಾರ್ಕೆಟ್ಟಿನ ಹಿಂದೆ ಅರ್ಧ ಊರೇ ಇದೆ.

"ಬೇರೆ ಸಭೆಗೆ ಹೋಗಿರ್ತಾರೆ ಬಿಡಮ್ಮ. ಒಬ್ಬರು ಬರ್ಲಿಲ್ಲ ಅಂದ್ರೆ ಸಭೆ ಮುಳುಗಿಹೋಗತ್ತಾ?" ಎಂದರು ಅವರು.

"ಮುಳುಗ್ತಿದೆಯಲ್ಲ ಸಾರ್" ಎಂದೆ. "ಎರಡು ವಾರದಿಂದ ನಮಗೆ ಒಂದು ಆಮೆನ್ ಹೇಳೋಕಾಗ್ತಿಲ್ಲ."

ದನಿ ಏರಿತ್ತು. ಅಯ್ಯನವರು ನನ್ನನ್ನೇ ನೋಡಿದರು. "ಯಾಕಮ್ಮ ಇಷ್ಟು ಗಾಬರಿ? ಏನಾದ್ರೂ ಆಯ್ತಾ?"

ಏನಿಲ್ಲ ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನನ್ನ ಕತೆಯೂ ಅದೇ.

ಆಗಸ್ಟ್ 22, ಗುರುವಾರ. ಸಂಜೆ 6.30

ಡ್ಯೂಟಿ ಮುಗಿಸಿ ಮಾರ್ಕೆಟ್ಟಿನ ಹಿಂದಿನ ಮೂರು ಬೀದಿ ಸುತ್ತಿದೆ. "ಒಬ್ಬ ಮುದುಕರು, ಕಂದು ಕೋಟು" ಎಂದು ಕೇಳಿದರೆ ಜನ ನಗುತ್ತಾರೆ. ಹೆಚ್ಚಿಗೆ ಹೇಳಲು ನನಗೇ ಏನೂ ಗೊತ್ತಿಲ್ಲ. ಹದಿನಾಲ್ಕು ವರ್ಷ ಅವರ ಕೈಗೆ ಲೋಟ ಕೊಟ್ಟಿದ್ದೇನೆ. ಬೆರಳ ತುದಿ ಕಪ್ಪಗೆ, ಉಗುರಿನಲ್ಲಿ ಎಣ್ಣೆ. ಏನು ಕೆಲಸ ಎಂದು ಒಂದು ದಿನವಾದರೂ ಕೇಳಿದೆನೇ?

ಬಸ್ಸಿನ ಕೊನೇ ಸೀಟಿಗೆ ದಿನಕ್ಕೆ ಎರಡು ಸಲ ಹೋಗುತ್ತೇನೆ. ಚರ್ಚಿನ ಕೊನೇ ಬೆಂಚಿಗೆ ಒಮ್ಮೆಯೂ ಹೋಗಿ ಕೂತಿಲ್ಲ.

ಆಗಸ್ಟ್ 23, ಶುಕ್ರವಾರ. ಸಂಜೆ

ಇದನ್ನು ಬರೆಯುವುದೇ ಬೇಡ ಎನಿಸಿತ್ತು. ಆದರೂ ಬರೆಯುತ್ತೇನೆ.

ಮಕ್ಕಳು ಇಳಿದ ಮೇಲೆ ಡ್ರೈವರ್ ಕೇಳಿದ, "ಏನ್ ಆಯಮ್ಮ, ನಿನ್ನೆಯಿಂದ ಮುಖ ಊದಿಸ್ಕೊಂಡಿದ್ದೀರಾ?" ಹೇಳಿದೆ. ಎಣ್ಣೆ ಉಗುರು, ಕಂದು ಕೋಟು ಎನ್ನುತ್ತಿದ್ದಂತೆಯೇ ಅವನು, "ಅಯ್ಯೋ, ಬೀಗದ ತಾತ! ನಮ್ಮ ಬಸ್ ಬಾಗಿಲಿನ ಬೀಗ ಮಾಡಿದ್ದೇ ಅವ್ರು. ತಗಡಿನ ಅಂಗಡಿ. ಎರಡು ವಾರದಿಂದ ಮುಚ್ಚಿದೆ. ಆ ಟೈರ್ ಅಂಗಡಿ ಮೇಲಿನ ರೂಮಲ್ಲಿರ್ತಾರೆ" ಎಂದ. ಆಮೇಲೆ ಹೇಳಿದ್ದು —

"ಅವ್ರ ಹತ್ರ ಮಾತಾಡೋಕಾಗಲ್ಲ, ಬರ್ದು ತೋರಿಸ್ಬೇಕು. ಕಿವಿ ಪೂರ್ತಿ ಹೋಗಿದೆಯಲ್ಲ."

"ಯಾರಿಗೆ?"

"ತಾತಂಗೆ. ಡೋಲು ಬಾರಿಸಿದ್ರೂ ಕೇಳ್ಸಲ್ಲ. ನಿಮ್ಮ ಚರ್ಚಿನೋರೇ ಅಲ್ವಾ, ಗೊತ್ತಿಲ್ವಾ?"

ಗೊತ್ತಿರಲಿಲ್ಲ. ಚರ್ಚಿನ ಹೊಸ್ತಿಲು ತುಳಿಯದ ಡ್ರೈವರಿಗೆ ಗೊತ್ತು. ಮೂವತ್ತಾರು ಜನ ನಮಗೆ ಗೊತ್ತಿಲ್ಲ.

ಹಾಗಾದರೆ ಅವತ್ತು ಬೋಧಕರು ಬರೀ ಉಸಿರು ತೆಗೆದುಕೊಂಡರೆಂದು ಅವರಿಗೆ ತಿಳಿಯುವುದಾದರೂ ಹೇಗೆ? ಕಿವುಡರಿಗೆ ಬೆರಳೇ ಮಾತು. ಮೆಲ್ಲಗೆ ಎಂದು ನಾನು ಅಂದುಕೊಂಡೆ. ಬಾಯಿ ಮುಚ್ಚು ಎಂದು ಅವರು ಓದಿಕೊಂಡರು.

ಈಗಲೇ ಹೋಗುತ್ತೇನೆ ಎಂದರೆ ಅಕ್ಕ ಬಿಡಲಿಲ್ಲ, ಕತ್ತಲಾಯಿತು ಎಂದು. ನಾನೂ ಹಟ ಮಾಡಲಿಲ್ಲ. ಹೆದರಿಕೆ. ಏನು ಮುಖ ಇಟ್ಟುಕೊಂಡು ಹೋಗಲಿ?

ಆಗಸ್ಟ್ 24, ಶನಿವಾರ. ಸಂಜೆ 4.20, ಆಸ್ಪತ್ರೆಯ ಬೆಂಚು

ಬದುಕಿದ್ದಾರೆ. ಮೊದಲು ಅದನ್ನು ಬರೆದುಬಿಡುತ್ತೇನೆ. ಬದುಕಿದ್ದಾರೆ.

ಅರ್ಧ ದಿನ ಸ್ಕೂಲು. ಹನ್ನೆರಡೂವರೆಗೆ ನಾನೂ ಡ್ರೈವರೂ ಹೋದೆವು. ಟೈರ್ ಅಂಗಡಿಯ ಪಕ್ಕ ಕಬ್ಬಿಣದ ಮೆಟ್ಟಿಲು. ಮೇಲೆ ಒಂದೇ ಬಾಗಿಲು, ಒಳಗಿನಿಂದ ಬೀಗ. ಬಾಗಿಲ ಕೆಳಗೆ ಬೆಳಕು. ಟೈರ್ ಅಂಗಡಿಯವನು, "ಗುರುವಾರದಿಂದ ಹಗಲೂ ಲೈಟ್ ಉರೀತಾನೇ ಇದೆ" ಎಂದ. ನೋಡಿದೆಯಾ ಎಂದರೆ, "ನಮಗ್ಯಾಕೆ" ಎಂದ. ಅವನಿಗೆ ಬೈಯಲು ಬಾಯಿ ತೆರೆದೆ. ಬೈಯಲು ನಾನ್ಯಾರು?

ಬಾಗಿಲು ಬಡಿದೆ. ಬಡಿದೆ, ಬಡಿದೆ. ಡ್ರೈವರ್ ಕೈ ಹಿಡಿದು, "ಆಯಮ್ಮ, ಯಾರಿಗೆ ಬಡೀತಿದ್ದೀರಿ? ಅವ್ರಿಗೆ ಕೇಳ್ಸಲ್ಲ!" ಎಂದ.

ಆಗ ಹೊಳೆಯಿತು. ಮೆಟ್ಟಿಲ ಬುಡದಲ್ಲಿ ಮೀಟರ್ ಬೋರ್ಡು. ಓಡಿ ಇಳಿದು ಮೇನ್ ಸ್ವಿಚ್ ಆರಿಸಿದೆ, ಹಾಕಿದೆ. ಮತ್ತೆ ಆರಿಸಿದೆ, ಹಾಕಿದೆ. ಮೂರು ಸಲ. ಟೈರ್ ಅಂಗಡಿಯವನು ನನ್ನ ಮೆಷಿನ್ ಎಂದು ಕೂಗಾಡಿದ. ಡ್ರೈವರ್ ಮೇಲೆ ಬಾಗಿಲಿಗೆ ಕಿವಿ ಕೊಟ್ಟು ಕೂತಿದ್ದ.

ಏನೂ ಇಲ್ಲ. ಏನೂ ಇಲ್ಲ... ಆಮೇಲೆ ಅವನು ಕೈ ಎತ್ತಿದ. "ಶ್! ಟಕ್ ಟಕ್ ಅಂತಿದೆ!"

ಒಳಗೆ ನೆಲಕ್ಕೆ ಏನೋ ಕುಟ್ಟುತ್ತಿದ್ದರು. ಕೂಗಲಿಲ್ಲ. ಬರೀ ಕುಟ್ಟಿದರು.

ಡ್ರೈವರ್ ಬಸ್ಸಿನ ಜಾಕಿ ರಾಡ್ ತಂದ. ಚೌಕಟ್ಟೇ ಕಿತ್ತುಬಂತು, ತಾತನ ಬೀಗ ಮಾತ್ರ ಜಪ್ಪಯ್ಯ ಎಂದರೂ ಅಲುಗಲಿಲ್ಲ. ಮಂಚದ ಪಕ್ಕ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿದೆ. ಗುರುವಾರ ಸಂಜೆಯಿಂದ ಒಂದು ಚೊಂಬು ನೀರಿನಲ್ಲೇ ಜೀವ ಹಿಡಿದಿದ್ದರು. ಕೈಯಲ್ಲಿ ದೊಡ್ಡದೊಂದು ಬೀಗದ ಕೈ, ಅದರಿಂದಲೇ ಕುಟ್ಟಿದ್ದು. ನನ್ನನ್ನು ಕಂಡು ತುಟಿ ಅಲುಗಿತು. ಆಮೇಲೆ ಬಿಗಿಯಾಗಿ ಮುಚ್ಚಿಕೊಂಡಿತು.

ಗುರುವಾರ ಸಂಜೆ ನಾನು ಪಕ್ಕದ ಬೀದಿಯಲ್ಲೇ ಇದ್ದೆ.

ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರ್. ಈಗಲೂ ಭರವಸೆ ಕೊಡಲಿಲ್ಲ.

ಆಗಸ್ಟ್ 25, ಭಾನುವಾರ

ಸಭೆಯಲ್ಲಿ ತಿಳಿಸಿದರು. ಎಲ್ಲರೂ ಅಯ್ಯೋ ಎಂದರು. ನನ್ನನ್ನು ಹೊಗಳಿದರು! "ನಮ್ಮ ಸಹೋದರಿ ಹುಡುಕದೇ ಇದ್ದಿದ್ರೆ..." ಎಂದರು ಸೆಕ್ರೆಟರಿ. ಬೆರಳಿನ ವಿಷಯ ಹೇಳಬೇಕೆಂದು ಎದ್ದೆ. ನೀರು ಕುಡಿಯಲು ಎದ್ದವಳಂತೆ ಹೊರಗೆ ಹೋದೆ. ಹೇಡಿ.

ಆಗಸ್ಟ್ 26, ಸೋಮವಾರ. ಬೆಳಗ್ಗೆ 11

ನಾಳೆ ಆಪರೇಷನ್. ಸಹಿ ಹಾಕಲು ಸಂಬಂಧಿಕರು ಬೇಕು. ಯಾರೂ ಇಲ್ಲ. ಫಾರಂ ಇಸಿದುಕೊಂಡೆ. ಸಂಬಂಧ ಎಂದಿದ್ದ ಕಡೆ "ಸಹೋದರಿ" ಎಂದು ಬರೆದೆ. ಚರ್ಚಿನಲ್ಲಿ ಒಬ್ಬರನ್ನೊಬ್ಬರು ಹಾಗೆಯೇ ಕರೆಯುವುದಲ್ಲವೇ.

ಕೌಂಟರಿನ ಗುಮಾಸ್ತ: "ಅಣ್ಣನಾ ತಮ್ಮನಾ?"

"ಅಣ್ಣ."

"ಅವ್ರ ತಂದೆ ಹೆಸರು?"

"ಗೊತ್ತಿಲ್ಲ."

ಕನ್ನಡಕ ಇಳಿಸಿ ನೋಡಿದ. "ಒಡಹುಟ್ಟಿದ ಅಣ್ಣನ ಅಪ್ಪ ಯಾರು ಅಂತ ಗೊತ್ತಿಲ್ವಾ?"

ಜೊತೆಗೆ ಬಂದಿದ್ದ ಅಯ್ಯನವರು ನನ್ನ ಹಿಂದೆ ಕೆಮ್ಮಿದರು. ನಗುವೂ ಬಂತು, ಅಳುವೂ ಬಂತು. ಕೊನೆಗೆ ಅವರೂ ಸಹಿ ಹಾಕಿದರು, ಸಭೆಯ ಮೊಹರು ಒತ್ತಿದರು. ಗುಮಾಸ್ತ "ಏನಾದ್ರೂ ಮಾಡ್ಕೊಳ್ಳಿ" ಎಂದು ಒಳಗೆ ಕಳಿಸಿದ.

ಆಗಸ್ಟ್ 27, ಮಂಗಳವಾರ

ನಾಲ್ಕು ಗಂಟೆ ಒಳಗಿದ್ದರು. ಹೊರಗೆ ಬಂದರು. ಜ್ವರ ಇದೆ.

ಆಗಸ್ಟ್ 29, ಗುರುವಾರ

ಜ್ವರ ಇಳಿದಿದೆ. ನರ್ಸ್ ಕೇಳಿದಳು, "ಆಂಟಿ, ಇವ್ರು ಹುಟ್ಟು ಮೂಕರಾ? ನೋವಿಗೂ ಒಂದು ದನಿ ಬರಲ್ಲ. ಇಂಜೆಕ್ಷನ್ ಕೊಟ್ರೆ ಹಲ್ಲು ಕಚ್ಕೋತಾರೆ."

ಮೂಕರಲ್ಲ ಎಂದೆ.

ಮಕ್ಕಳ ಹಾಜರಿ ಬರೆಯುವ ನೋಟ್‌ಬುಕ್ಕಿನಿಂದ ಹಾಳೆ ಹರಿದು ದೊಡ್ಡದಾಗಿ ಬರೆದೆ — "ತಪ್ಪಾಯಿತು. ಮೆಲ್ಲಗೆ ಹೇಳಿ ಎಂದು ಬೆರಳಿಟ್ಟೆ. ಬರಬೇಡಿ ಎಂದಲ್ಲ. ಹೇಳಬೇಡಿ ಎಂದೂ ಅಲ್ಲ." ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಪೆನ್ ಕೇಳಿದರು. ಬೀಗದ ಹಲ್ಲು ಕೊರೆದ ಹಾಗೆ ಒಂದೊಂದೇ ಅಕ್ಷರ. ಆ ಹಾಳೆ ಇಲ್ಲೇ ಇದೆ. ಅವರು ಬರೆದದ್ದನ್ನು ಹಾಗೆಯೇ ಇಳಿಸುತ್ತೇನೆ:

"ನೀವು ಲೋಟ ಕೊಡುವವರು. ಸಭೆಯವರೆಲ್ಲ ಮಾತಾಡಿಕೊಂಡು ನಿಮ್ಮ ಕೈಲಿ ಹೇಳಿಸಿದರು ಅಂದುಕೊಂಡೆ. ಕಿವಿ ಹೋಗಿ ಹನ್ನೊಂದು ವರ್ಷ. ಪ್ರಾರ್ಥನೆ ಕೇಳಿಸುವುದಿಲ್ಲ. ಅಯ್ಯನವರ ಭುಜ ಇಳಿದರೆ ಮುಗಿಯಿತು ಅಂತ ತಿಳಿಯುತ್ತೆ. ನೀವೆಲ್ಲ ಏನು ಬೇಡಿಕೊಂಡಿರೋ ಅದಕ್ಕೆ ನನ್ನದೂ ಒಪ್ಪಿಗೆ ಇರಲಿ ಅಂತ ಆ ಒಂದು ಮಾತು. ನನ್ನ ಕೈಲಿ ಆಗುವುದು ಅದೊಂದೇ."

ಬಿದ್ದಾಗ ಯಾಕೆ ಕೂಗಲಿಲ್ಲ ಎಂದು ಬರೆದೆ. ಬರೆಯಬಾರದಿತ್ತು.

"ನನ್ನ ದನಿ ಎಷ್ಟು ಜೋರು ಅಂತ ನನಗೆ ತಿಳಿಯಲ್ಲ. ಜನಕ್ಕೆ ತೊಂದರೆ ಅಂತ ಮಾತ್ರ ಗೊತ್ತಾಯಿತಲ್ಲ."

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅವರ ಮಟ್ಟಿಗೆ ನಾನೊಬ್ಬಳೇ ಇಡೀ ಸಭೆಯಾಗಿದ್ದೆ. ಲೋಟ ತೊಳೆಯುವವಳು, ನಾನ್ಯಾವ ಲೆಕ್ಕ ಎಂದುಕೊಂಡಿದ್ದೆ. ನನ್ನ ಒಂದು ಬೆರಳಿಗೆ ಇಷ್ಟು ಭಾರ ಇದ್ದದ್ದು ಯಾರಿಗೆ ಗೊತ್ತಿತ್ತು?

ಅವರ ಕೈ ಹಿಡಿದು ಅತ್ತೆ. ನನ್ನ ಕೈ ತಟ್ಟಿದರು. ಕೋಪವಿಲ್ಲ. ಬಾಯಿ ಮಾತ್ರ ತೆರೆಯಲಿಲ್ಲ.

ಸೆಪ್ಟೆಂಬರ್ 1, ಭಾನುವಾರ

ಹೇಳಿದೆ. ಎಲ್ಲರ ಮುಂದೆ ನಿಂತು, ಬೆರಳಿಟ್ಟು ತೋರಿಸಿಯೇ ಹೇಳಿದೆ. ಆ ಹಾಳೆ ಓದಿದೆ. ಯಾರೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸೆಕ್ರೆಟರಿಯವರು ತಲೆ ತಗ್ಗಿಸಿಕೊಂಡೇ ಬಂದು, "ಇನ್ನು ಬರಲ್ಲ ಅಂತ ಪುಸ್ತಕದಲ್ಲಿ ಅವ್ರ ಹೆಸರಿನ ಮೇಲೆ ಪೆನ್ಸಿಲ್‌ನಲ್ಲಿ ಗೀಟು ಎಳೆದಿದ್ದೆನಮ್ಮ. ನಾನೂ ಅಷ್ಟೇ" ಎಂದರು.

ಪ್ರಾರ್ಥನೆಯ ಕೊನೆಗೆ ಯಾರೂ ಆಮೆನ್ ಎನ್ನಲು ಮುಂದಾಗಲಿಲ್ಲ. ಈ ಸಲ ಬೇಕೆಂದೇ. ಆ ಜಾಗ ಅವರದು.

ಸೆಪ್ಟೆಂಬರ್ 20, ಶುಕ್ರವಾರ

ತಾತನಿಗೆ ಪುನಃ ಜ್ವರ ಬಂದು ಹನ್ನೆರಡು ದಿನ ಕಾಡಿತು. ಬರೆಯಲು ಮನಸ್ಸಾಗಲಿಲ್ಲ. ಈಗ ಗಂಜಿ ಕುಡಿಯುತ್ತಿದ್ದಾರೆ. ಪಾಳಿ ಮೇಲೆ ಎಲ್ಲರೂ ಹೋಗುತ್ತಿದ್ದಾರೆ. ಇವತ್ತು ಸೆಕ್ರೆಟರಿಯವರು ಕೆಟ್ಟ ಬ್ರೀಫ್‌ಕೇಸ್ ತೆಗೆದುಕೊಂಡು ಹೋಗಿದ್ದರು. ತಾತ ಮಲಗಿಕೊಂಡೇ ಅದರ ಬೀಗ ಸರಿಮಾಡಿಕೊಟ್ಟರಂತೆ. ಮಾತು? ಇಲ್ಲ. ಅಕ್ಕ ಬರೆದು ಕೇಳಿದ್ದಕ್ಕೆ, "ದನಿ ಏಳುತ್ತಿಲ್ಲ" ಎಂದು ಬರೆದರಂತೆ.

ಅಕ್ಟೋಬರ್ 5, ಶನಿವಾರ. ಸಂಜೆ

ನಾಳೆ ತಾತ ಚರ್ಚಿಗೆ ಬರುತ್ತಾರೆ. ಗಾಲಿಕುರ್ಚಿ. ಡ್ರೈವರ್ ತಾನೇ ಕರೆದುಕೊಂಡು ಬರುವೆ ಎಂದಿದ್ದಾನೆ. "ಒಳಗೆ ಬರಲ್ಲ, ಬಾಗಿಲಲ್ಲಿರ್ತೀನಿ. ಅದ್ಯಾವ ಆಮೆನ್ ಅಂತ ನಾನೂ ಕೇಳ್ಬೇಕು" ಎನ್ನುತ್ತಾನೆ. ಅವರು ಹೇಳದೇ ಹೋದರೆ? ಒಂದೂವರೆ ತಿಂಗಳಿಂದ ಒಂದು ಮಾತಿಲ್ಲ. ನಾನು ಕಿತ್ತುಕೊಂಡದ್ದನ್ನು ಸಹಿ ಹಾಕಿ, ಗಂಜಿ ಕುಡಿಸಿ ವಾಪಸ್ ಕೊಡಲಾದೀತೇ? ಸೀಳಿದ ಲೋಟದ ಬದಲು ಹೊಸದು ಬಂದಿದೆ. ಮೂವತ್ತೇಳು, ಎರಡು ಸಲ ಎಣಿಸಿದೆ.

ಅಕ್ಟೋಬರ್ 6, ಭಾನುವಾರ. ಮಧ್ಯಾಹ್ನ 1.30

ಲೋಟ ಇನ್ನೂ ತೊಳೆದಿಲ್ಲ. ಮೊದಲು ಇದು.

ಮುಂದೆ ಕೂರಿಸಲು ಹೋದರೆ ತಲೆಯಾಡಿಸಿ ಕೊನೇ ಬೆಂಚಿನ ಪಕ್ಕವೇ ಬೇಕೆಂದರು. ನಾನು ಆ ಬೆಂಚಿನಲ್ಲೇ ಕೂತೆ. ಅಲ್ಲಿಂದ ಎಲ್ಲರ ಬೆನ್ನೂ ಕಾಣುತ್ತದೆ. ಹದಿನಾಲ್ಕು ವರ್ಷ ಅವರು ನೋಡಿದ್ದು ಇದನ್ನೇ. ಲೋಟ ಕೊಟ್ಟೆ. ಇಸಿದುಕೊಂಡರು. ಒಂದೂ ಉಳಿಯಲಿಲ್ಲ.

ಕೊನೆಯ ಪ್ರಾರ್ಥನೆ. ಅಯ್ಯನವರು ಇವತ್ತು ಉದ್ದ ಎಳೆದರು, ಅವರಿಗೂ ಹೆದರಿಕೆ ಇದ್ದಿರಬೇಕು. ನಾನು ಕಣ್ಣು ಮುಚ್ಚಲಿಲ್ಲ. ತಾತನೂ ಮುಚ್ಚಿರಲಿಲ್ಲ, ಭುಜ ನೋಡುತ್ತಿದ್ದರು. ಅಯ್ಯನವರು ಕಣ್ಣು ಒರೆಸಿಕೊಂಡರು. ನಿಲ್ಲಿಸಿದರು. ಭುಜ ಇಳಿಯಿತು. ತಾತ ನನ್ನ ಕಡೆ ತಿರುಗಿದರು. ತುಟಿ ನಡುಗಿತು, ಮುಚ್ಚಿತು. ನನ್ನ ಅಪ್ಪಣೆಗೆ ಕಾಯುತ್ತಿದ್ದಾರೆ! ದೇವರೇ, ನನ್ನ ಅಪ್ಪಣೆಗೆ! ಎರಡೂ ಕೈ ಎತ್ತಿ, ಬಸ್ಸಿನಲ್ಲಿ ಮಕ್ಕಳಿಗೆ ಹಾಡಿ ಹಾಡಿ ಎನ್ನುವ ಹಾಗೆ ಎತ್ತಿ ತೋರಿಸಿದೆ.

"ಆಮೆನ್!"

ಒಡಕು ದನಿ. ಗಾಜು ಅದುರಿತು. ಹಿಂದೆಯೇ ಇಡೀ ಸಭೆ ಎದ್ದು ನಿಂತು ಆಮೆನ್, ಬಾಗಿಲಲ್ಲಿ ಡ್ರೈವರ್ ಕೂಡ. ಅಕ್ಕ ಹಾಡು ಎತ್ತಿಕೊಂಡಳು. ಅಯ್ಯನವರು ಬಾಯಿ ತೆರೆದುಕೊಂಡೇ ನಿಂತಿದ್ದರು. ಪ್ರಾರ್ಥನೆ ಮುಗಿದೇ ಇರಲಿಲ್ಲವಂತೆ, ರೋಗಿಗಳ ವಿಷಯ ಪೂರ್ತಿ ಬಾಕಿಯಿತ್ತಂತೆ!

ಹಾಳು ಅಭ್ಯಾಸ. ನನ್ನ ಬೆರಳು ತಾನಾಗಿಯೇ ತುಟಿ ಕಡೆ ಹೊರಟಿತ್ತು. ಎಡಗೈಯಿಂದ ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ತಾತನ ಕಡೆ ತಿರುಗಿ, ನಾನೂ ಜೋರಾಗಿ —